ಮ್ಯಾಚ್ ಸಂಜೆಗೆ ಮೆಣಸಿನಕಾಯಿ ಬಜ್ಜಿಯೋ, ಚುರುಮುರಿಯೋ?

ಐಪಿಎಲ್ ಮ್ಯಾಚ್ ಸಂಜೆ 7:30ಕ್ಕೆ. ಮನೆಯಲ್ಲಿ ನಾಲ್ಕು ಜನ. ಬಾಯಾಡಿಸೋಕೆ ಏನು ಮಾಡೋಣ?

ರುಚಿಯಲ್ಲಿ ಬಜ್ಜಿಯೇ ಮೇಲು, ಆದರೆ ಕರಿಯುವವರಿಗೆ ಪವರ್‌ಪ್ಲೇ ತಪ್ಪುತ್ತೆ. ಎಂಟು ಬಜ್ಜಿ ಮೆಣಸಿನಕಾಯಿಗೆ ಒಂದು ಲೋಟ ಕಡಲೆಹಿಟ್ಟು, ಎರಡು ಚಮಚ ಅಕ್ಕಿಹಿಟ್ಟು, ಓಮ, ಉಪ್ಪು, ಚಿಟಿಕೆ ಸೋಡಾ. ನೀರು ಸ್ವಲ್ಪ ಸ್ವಲ್ಪವೇ ಹಾಕಿ ಗಟ್ಟಿಯಾಗಿ ಕಲಸಿ. ಕಾಯಿ ಒದ್ದೆಯಿದ್ದರೆ ಹಿಟ್ಟು ಜಾರಿ ಬಾಣಲೆಯಲ್ಲೇ ಉಳಿಯುತ್ತೆ, ಹಾಗಾಗಿ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಲೇಬೇಕು. ಸೋಡಾ ಹೆಚ್ಚಾದರೆ ಬಜ್ಜಿ ಎಣ್ಣೆ ಕುಡಿಯುತ್ತೆ. ಕಾದ ಎಣ್ಣೆಗೆ ಒಂದು ಹನಿ ಹಿಟ್ಟು ಬಿಟ್ಟು ನೋಡಿ: ತಳದಲ್ಲೇ ಕೂತರೆ ಇನ್ನೂ ಕಾದಿಲ್ಲ, ಎದ್ದ ಕೂಡಲೇ ಕಪ್ಪಾದರೆ ಉರಿ ಜಾಸ್ತಿ. ಒಂದು ಸಲಕ್ಕೆ ನಾಲ್ಕೇ ಬಿಡಿ. ಬಾಣಲೆ ತುಂಬಿದರೆ ಎಣ್ಣೆ ತಣಿದು ಬಜ್ಜಿ ಮೆತ್ತಗಾಗುತ್ತೆ.

ಚುರುಮುರಿ ಹತ್ತು ನಿಮಿಷದ ಕೆಲಸ, ಒಲೆ ಹೆಚ್ಚುಕಮ್ಮಿ ಬೇಡವೇ ಬೇಡ. ಕಡ್ಲೆಪುರಿ ಮೆತ್ತಗಿದ್ದರೆ ಮಾತ್ರ ಸಣ್ಣ ಉರಿಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ. ಆರು ಲೋಟ ಪುರಿಗೆ ಮೊದಲು ಎರಡು ಚಮಚ ಎಣ್ಣೆ, ಖಾರದಪುಡಿ, ಉಪ್ಪು ಹಚ್ಚಿ; ಎಣ್ಣೆ ಹಿಡಿದ ಪುರಿ ಬೇಗ ನೆನೆಯಲ್ಲ. ಕೋಲಾರದ ಕಡೆ ಟೊಮೇಟೊಗೆ ಬರವಿಲ್ಲ, ಆದರೆ ಬೀಜ-ರಸ ತೆಗೆದೇ ಹೆಚ್ಚಿ. ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವಿನಕಾಯಿ ಅರ್ಧ ತುರಿದು ಹಾಕಿ, ನಿಂಬೆಹಣ್ಣು ಬೇಕಿಲ್ಲ. ಈರುಳ್ಳಿ, ಹುರಿದ ಕಡ್ಲೆಬೀಜ ಬಡಿಸುವಾಗ ಬೆರೆಸಿ.

ಚಿಕ್ಕ ಮಕ್ಕಳಿದ್ದರೆ ಚುರುಮುರಿಯೇ ಸರಿ, ಖಾರ ಬೇರೆ ಮಾಡಬಹುದು. ಎರಡೂ ಬೇಕೆಂದರೆ ಬಜ್ಜಿ ಹಿಟ್ಟು ಕಲಸಿಟ್ಟು, ಇನ್ನಿಂಗ್ಸ್ ಮಧ್ಯದ ಬಿಡುವಿನಲ್ಲಿ ಕರಿಯಿರಿ. ಸೋಡಾ ಮಾತ್ರ ಕರಿಯೋಕೆ ಸ್ವಲ್ಪ ಮುಂಚೆ ಹಾಕಿ.