ಡಿ ಡ್ರೈವ್ ಸೇಫ್ ಅಂತ ನಂಬಿ ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಇದನ್ನು ಓದಿ

ನನ್ನದು ಹೋದದ್ದು ಹೋಯಿತು, ಇನ್ನು ವಾಪಸ್ ಬರುವುದಿಲ್ಲ. ನಿಮ್ಮದಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಆಮೇಲೆ ಸ್ವಲ್ಪ ದಿನ ತಳ್ಳಿದೆ. ಕೊನೆಗೆ ಒಂದು ದಿನ ಪೆರ್ಲದಿಂದ ಬಸ್ಸು ಹತ್ತಿ ಲ್ಯಾಪ್‌ಟಾಪನ್ನು ಕಾಸರಗೋಡು ಪೇಟೆಯ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಹಳೆಯದರ ಮೇಲೆಯೇ 11 ಹಾಕಬಹುದಾ ಅಂತ ಕೇಳಿದ್ದಕ್ಕೆ ಹುಡುಗ, "ಬೇಡ ಸಾರ್, ಫ್ರೆಶ್ ಹಾಕುವ, ಸ್ಪೀಡ್ ಇರ್ತದೆ. ಸಿ ಮಾತ್ರ ಫಾರ್ಮ್ಯಾಟ್, ಡಿ ಮುಟ್ಟುದೇ ಇಲ್ಲ" ಅಂದ. ನನ್ನ ಫೈಲುಗಳೆಲ್ಲ ಡಿ ಡ್ರೈವಿನಲ್ಲೇ ಇದ್ದವು. ಮತ್ತೆಂತ ಹೆದರಿಕೆ ಅಂತ ಕೊಟ್ಟು ಬಂದೆ.

ಅವನು ಸುಳ್ಳು ಹೇಳಲಿಲ್ಲ, ಡಿ ಡ್ರೈವನ್ನು ಮುಟ್ಟಲೂ ಇಲ್ಲ. ಸಂಜೆ ಮನೆಗೆ ಬಂದು ತೆರೆದರೆ ಎಲ್ಲ ಫೋಲ್ಡರುಗಳೂ ಇದ್ದಲ್ಲೇ ಇದ್ದವು. ಕೆಲವು ಮಾತ್ರ ಕ್ಲಿಕ್ ಮಾಡಿದಾಗ ನಿಮಗೆ ಅನುಮತಿ ಇಲ್ಲ ಅಂದವು, ಕಂಟಿನ್ಯೂ ಒತ್ತಿದ್ದಕ್ಕೆ ಸ್ವಲ್ಪ ಹೊತ್ತು ಹಸಿರು ಪಟ್ಟಿ ಓಡಿ ತೆರೆದುಕೊಂಡವು. ಇದು ದೊಡ್ಡ ವಿಷಯ ಅಲ್ಲ. ಹಳೇ ವಿಂಡೋಸಿನ ಯೂಸರ್ ಬೇರೆ, ಹೊಸದರ ಯೂಸರ್ ಬೇರೆ, ಹೆಸರು ಒಂದೇ ಇಟ್ಟರೂ ಒಳಗಿನ ಗುರುತಿನ ನಂಬರ್ ಬೇರೆ. ಹಾಗಾಗಿ ಫೋಲ್ಡರಿನ ಯಜಮಾನಿಕೆ ಬದಲಾಯಿಸಬೇಕು, ಅಷ್ಟೆ. ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬಿನಲ್ಲಿ ಅಡ್ವಾನ್ಸ್‌ಡ್‌ಗೆ ಹೋಗಿ ಓನರ್ ಜಾಗದಲ್ಲಿ ನಿಮ್ಮ ಹೆಸರು ಹಾಕಿದರೆ ಆಯಿತು.

ಆದರೆ "ಮನೆ ಕಾಗದ" ಅನ್ನುವ ಫೋಲ್ಡರ್ ಇತ್ತು. ತೆರೆಯಿತು, ಫೈಲುಗಳ ಹೆಸರೂ ಕಂಡಿತು, ಪ್ರತಿಯೊಂದರ ಮೂಲೆಯಲ್ಲೂ ಕಾಳುಮೆಣಸಿನಷ್ಟು ಒಂದು ಬೀಗದ ಚಿತ್ರ. ಯಾವುದನ್ನು ಒತ್ತಿದರೂ ಆಕ್ಸೆಸ್ ಡಿನೈಡ್.

ಆ ಬೀಗ ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ. 2021ರಲ್ಲಿ ಜಾಗದ ಹಳೇ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದ, 1956ಕ್ಕಿಂತ ಹಿಂದಿನ ಕನ್ನಡದ ಪತ್ರಗಳು. ಜತೆಗೆ ಎಲ್ಲರ ಆಧಾರ್, ಪಾನ್. ಯಾರಾದರೂ ನೋಡಿದರೆ ಕಷ್ಟ ಅಂತ ಪ್ರಾಪರ್ಟೀಸ್‌ಗೆ ಹೋಗಿ ಎನ್‌ಕ್ರಿಪ್ಟ್ ಅನ್ನುವಲ್ಲಿ ಒಂದು ಟಿಕ್ ಹಾಕಿದ್ದೆ. ಪಾಸ್‌ವರ್ಡ್ ಕೇಳಲಿಲ್ಲ, ಏನೂ ಬದಲಾದ ಹಾಗೆ ಕಾಣಲೂ ಇಲ್ಲ. ಕೆಳಗೆ ಮೂಲೆಯಲ್ಲಿ "ನಿಮ್ಮ ಕೀ ಬ್ಯಾಕಪ್ ಮಾಡಿಕೊಳ್ಳಿ" ಅಂತ ಏನೋ ಬಂದಿತ್ತು, ಮುಚ್ಚಿಬಿಟ್ಟೆ. ನಾಲ್ಕು ವರ್ಷ ದಿನಾ ತೆರೆದು ಮುಚ್ಚಿದ ಫೋಲ್ಡರಿಗೆ ಬೀಗ ಇದೆ ಅನ್ನುವುದೇ ಮರೆತುಹೋಗಿತ್ತು.

ಮರುದಿನ ಅಂಗಡಿಗೆ ಹೋದೆ. ಅವನು ಕಪ್ಪು ಪರದೆ ತೆರೆದು ಇಡೀ ಡಿ ಡ್ರೈವಿನ ಯಜಮಾನಿಕೆ ನನ್ನ ಹೆಸರಿಗೆ ಮಾಡಿಕೊಟ್ಟ, ಒಂದು ಗಂಟೆ ಹಿಡಿಯಿತು, ಬೀಗ ಅಲ್ಲಾಡಲಿಲ್ಲ. "ಎಂತದೋ ವೈರಸ್ ಇರ್ಬೇಕು" ಅಂದ. ವೈರಸ್ಸೂ ಅಲ್ಲ ಮಣ್ಣೂ ಅಲ್ಲ.

ಸಂಗತಿ ಬಿಡಿಸಿ ಹೇಳಿದ್ದು ಬೆಂಗಳೂರಿನಲ್ಲಿರುವ ತಂಗಿಯ ಮಗ. "ಮಾವ, ಯಜಮಾನಿಕೆ ಬೇರೆ, ಬೀಗ ಬೇರೆ. ಮನೆ ನಿಮ್ಮ ಹೆಸರಿಗೆ ಆದ ಮಾತ್ರಕ್ಕೆ ಒಳಗಿನ ಕಪಾಟು ತೆರೆಯುತ್ತದಾ?" ಈ ವ್ಯವಸ್ಥೆಗೆ ಇಎಫ್‌ಎಸ್ ಅಂತ ಹೆಸರು, ವಿಂಡೋಸ್ 2000ದ ಕಾಲದಿಂದ ಇದೆಯಂತೆ. ಹೋಮ್ ಎಡಿಷನ್‌ನಲ್ಲಿ ಆ ಟಿಕ್ ಹಾಕಲು ಬರುವುದಿಲ್ಲ, ನನ್ನದು ಪ್ರೊ. ಬೀಗ ಇರುವುದು ಡಿ ಡ್ರೈವಿನ ಫೈಲಿಗೆ, ಕೀಲಿ ಇರುವುದು ಸಿ ಡ್ರೈವಿನ ಯೂಸರ್ ಫೋಲ್ಡರಿನ ಒಳಗೆ. ನಾವು ಕೀಲಿ ಇದ್ದ ಪೆಟ್ಟಿಗೆಯನ್ನೇ ಸುಟ್ಟು, ಬೀಗ ಹಾಕಿದ ಕಪಾಟನ್ನು ಜೋಪಾನವಾಗಿ ಉಳಿಸಿಕೊಂಡಿದ್ದೆವು. ಹೊಸ ವಿಂಡೋಸಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು ನೋಡಿದೆ. ಪ್ರಯೋಜನ ಇಲ್ಲ.

ಫಾರ್ಮ್ಯಾಟ್ ಮಾಡದೆ ಹಾಕಿದ್ದರೆ ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರಿಗೆ ಹೋಗಿ ಕೂರುತ್ತಿತ್ತು, ಕೆಲವು ದಿನವಾದರೂ ಕೀಲಿ ಅಲ್ಲಿ ಸಿಗುತ್ತಿತ್ತು. ಅಪ್‌ಗ್ರೇಡ್ ಮಾಡಿದ್ದರಂತೂ ಈ ರಗಳೆಯೇ ಇಲ್ಲ. ರಿಕವರಿ ಸಾಫ್ಟ್‌ವೇರ್ ಹಾಕಿಯೂ ಹುಡುಕಿದೆವು. ಹಳೇ ಹಾರ್ಡ್‌ಡಿಸ್ಕ್ ಆಗಿದ್ದರೆ ಏನಾದರೂ ಚೂರುಪಾರು ಸಿಗುತ್ತಿತ್ತೇನೋ. ನನ್ನದು ಎಸ್‌ಎಸ್‌ಡಿ, ಫಾರ್ಮ್ಯಾಟ್ ಆದ ಮೇಲೆ ಹಳೇ ಜಾಗವನ್ನು ಅದೇ ಒರೆಸಿ ಹಾಕುತ್ತದೆ.

ಇಷ್ಟು ಗೊತ್ತಾದ ಮೇಲೂ ನಾನು ಇನ್ನೊಂದು ದಡ್ಡತನ ಮಾಡಿದೆ. ಎಂಥಾ ಲಾಕ್ ಆದರೂ ತೆಗೆದುಕೊಡುತ್ತೇವೆ ಅನ್ನುವ ಒಬ್ಬನಿಗೆ ಫೋನಿನಲ್ಲೇ 3000 ರೂಪಾಯಿ ಅಡ್ವಾನ್ಸ್ ಕಳಿಸಿದೆ. ಎರಡು ದಿನ "ಪ್ರೊಸೆಸ್ ಆಗ್ತಾ ಇದೆ" ಅಂದ, ಮೂರನೇ ದಿನದಿಂದ ಫೋನೇ ಎತ್ತಲಿಲ್ಲ. ಕೀಲಿ ಇಲ್ಲದೆ ಇದು ತೆರೆಯುವುದಿಲ್ಲ. ತೆರೆಯುತ್ತೇನೆ ಅನ್ನುವವನಿಗೆ ಒಂದು ಪೈಸೆ ಕೊಡಬೇಡಿ.

ಕಾಗದದ ಅಸಲು ಮನೆಯಲ್ಲಿದೆ, ಇನ್ನೊಮ್ಮೆ ಸ್ಕ್ಯಾನ್ ಮಾಡಿದರಾಯಿತು. ಹೋದದ್ದು ದೊಡ್ಡಪ್ಪನ ಸ್ವರ. ನಮ್ಮ ಜಾಗದ ಸುರಂಗಗಳ ಬಗ್ಗೆ ಅವರು ಕೂತು ಹೇಳಿದ್ದನ್ನು ರೆಕಾರ್ಡ್ ಮಾಡಿ ಅದೇ ಫೋಲ್ಡರಿಗೆ ಹಾಕಿದ್ದೆ, 40 ನಿಮಿಷ. ನಮ್ಮ ಕಡೆ ಗುಡ್ಡದ ಒಳಗೆ ಅಡ್ಡಕ್ಕೆ ಕೊರೆದು, ಮುರಕಲ್ಲಿನ ಎಡೆಯಿಂದ ಒಸರುವ ನೀರನ್ನು ತೋಟಕ್ಕೆ ಬಿಡುತ್ತಾರೆ, ಅದೇ ಸುರಂಗ. ಯಾವುದನ್ನು ಯಾರು ತೋಡಿದ್ದು, ಯಾವುದು ಯಾಕೆ ಕುಸಿಯಿತು, ಎಲ್ಲ ಅವರಿಗೆ ಬಾಯಿಪಾಠ. ಮರುವರ್ಷ ಅವರು ತೀರಿಹೋದರು. ಅದರಲ್ಲಿ ಆರು ನಿಮಿಷದ ತುಂಡೊಂದನ್ನು ಅವರ ಮಗನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ, ಅದು ಮಾತ್ರ ಉಳಿದಿದೆ. ಕೀಲಿ ಇದ್ದಾಗ ಕಳಿಸಿದ ಪ್ರತಿಗೆ ಬೀಗ ಇರುವುದಿಲ್ಲ. ಹಾಗಾಗಿ ನಿಮಗೂ ಹೀಗೆ ಆಗಿದ್ದರೆ ಮೊದಲು ಹಳೇ ಮೇಲ್, ವಾಟ್ಸಾಪ್ ಜಾಲಾಡಿ.

ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಬೀಗದ ಗುರುತು ಎಲ್ಲಾದರೂ ಇದೆಯಾ ನೋಡಿ. ಇದ್ದರೆ ಆ ಟಿಕ್ ತೆಗೆದುಬಿಡಿ, ಇಲ್ಲವೇ ಆ ಬೀಗದ ಕೀಲಿಯನ್ನು, ಅಂದರೆ ಇಎಫ್‌ಎಸ್ ಸರ್ಟಿಫಿಕೇಟನ್ನು ಪ್ರೈವೇಟ್ ಕೀ ಸಮೇತ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಪಿಎಫ್‌ಎಕ್ಸ್ ಫೈಲ್ ಬರುತ್ತದೆ, ಅದಕ್ಕೆ ಕೊಟ್ಟ ಪಾಸ್‌ವರ್ಡ್ ಮರೆಯಬೇಡಿ.

ಇನ್ನೊಂದು ವಿಷಯ, ಇದು ಟಿಕ್ ಹಾಕದವರಿಗೂ. ವಿಂಡೋಸ್ 11ರ 24ಎಚ್2 ಫ್ರೆಶ್ ಆಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಗೆ ಹೋದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್, ಅಂದರೆ ಇಡೀ ಡಿಸ್ಕಿಗೇ ಹಾಕುವ ಬೀಗ, ತನ್ನಷ್ಟಕ್ಕೆ ಆನ್ ಆಗುತ್ತದೆ. ಅದರ ರಿಕವರಿ ಕೀ 48 ಅಂಕೆ, ಹೋಗಿ ಕೂರುವುದು ಆ ಅಕೌಂಟಿನಲ್ಲಿ. ನನ್ನದನ್ನು ತೆಗೆದು ನೋಡಿದರೆ ಆನ್ ಆಗಿತ್ತು, ಅಕೌಂಟ್ ಅಂಗಡಿಯ ಹುಡುಗನದ್ದು! ಕೆಲಸ ಬೇಗ ಮುಗಿಯಲಿ ಅಂತ ಅವನದೇ ಮೇಲ್ ಹಾಕಿದ್ದಾನೆ, ನನಗೆ ಹೇಳಿಯೂ ಇಲ್ಲ. ನಾಳೆ ನೀಲಿ ಪರದೆ ಬಂದು ಕೀ ಕೇಳಿದ್ದರೆ ಅವನ ಹಿಂದೆ ಓಡಬೇಕಿತ್ತು.

ಅಕೌಂಟ್ ನನ್ನದಕ್ಕೆ ಬದಲಾಯಿಸಿದೆ. 48 ಅಂಕೆಯನ್ನೂ ಕಾಗದದಲ್ಲಿ ಬರೆದು, ಎರಡು ಸಲ ತಾಳೆ ನೋಡಿ, ಜಾಗದ ಹಳೇ ಪತ್ರಗಳಿರುವ ತಗಡಿನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.