ಸ್ಟ್ಯಾಕ್ ಓವರ್‌ಫ್ಲೋ: ಸ್ವಂತ ಕೆಲಸದ ಮಾತಿಗೆ ಇಲ್ಲಿ ಎಷ್ಟು ಜಾಗ?

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೇವೆಯಾದ ಸ್ಟ್ಯಾಕ್ ಓವರ್‌ಫ್ಲೋ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಲ್ಲಿನ ಉತ್ತರಗಳ ಗುಣಮಟ್ಟವನ್ನೋ, ಹೊಸಬರ ಮೇಲಿನ ಬಿರುಸನ್ನೋ ಚರ್ಚೆಗೆ ಎತ್ತಿಕೊಳ್ಳುತ್ತಾರೆ. ಈ ವಿಮರ್ಶೆಯಲ್ಲಿ ನಾನು ನೋಡಹೊರಟಿರುವುದು ಬೇರೊಂದು ಸಂಗತಿಯನ್ನು. ತಾನು ಬರೆದ ಲೈಬ್ರರಿ (ಇತರ ಪ್ರೋಗ್ರಾಮರ್‌ಗಳು ಬಳಸಿಕೊಳ್ಳಬಹುದಾದ ಸಿದ್ಧ ಕೋಡ್), ತಾನು ಮಾರುವ ಟೂಲ್, ತಾನು ನಡೆಸುವ ತರಬೇತಿ ಇವುಗಳ ಕುರಿತು ಒಬ್ಬ ವೃತ್ತಿಪರ ತನ್ನ ಸಹೋದ್ಯೋಗಿಗಳ ನಡುವೆ ಎಷ್ಟು ಮಾತಾಡಬಹುದು, ಹೇಗೆ ಮಾತಾಡಬೇಕು ಎಂಬ ಪ್ರಶ್ನೆಯನ್ನು ಈ ಸೇವೆ ನಿಭಾಯಿಸಿರುವ ಬಗೆ ನನಗೆ ಮುಖ್ಯವೆನಿಸುತ್ತದೆ. ಏಕೆಂದರೆ ವೃತ್ತಿಪರರ ಆನ್‌ಲೈನ್ ಗುಂಪುಗಳು ಸೊರಗುವುದು ಹೆಚ್ಚಾಗಿ ಇಲ್ಲಿಯೇ. ಸಾಫ್ಟ್‌ವೇರ್ ಪರೀಕ್ಷೆಯವರದೋ ಡೇಟಾ ಕೆಲಸದವರದೋ ಒಂದು ವಾಟ್ಸ್ಆ್ಯಪ್ ಗುಂಪು ಸಂದೇಹ ನಿವಾರಣೆಗೆಂದು ಹುಟ್ಟಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಕೋರ್ಸುಗಳ ಜಾಹೀರಾತು, ಯೂಟ್ಯೂಬ್ ಚಾನೆಲ್‌ಗಳ ಲಿಂಕು, ‘ನನ್ನ ಪೋಸ್ಟಿಗೆ ಲೈಕ್ ಕೊಡಿ’ ಎಂಬ ಕೋರಿಕೆಗಳು ತುಂಬಿಕೊಳ್ಳುತ್ತವೆ. ಉತ್ತರ ಬಲ್ಲವರು ಗುಂಪನ್ನು ಮ್ಯೂಟ್ ಮಾಡಿ ಸುಮ್ಮನಾಗುತ್ತಾರೆ. ಲಿಂಕ್ಡ್‌ಇನ್ ತನ್ನ ಗುಂಪುಗಳಲ್ಲಿ ಒಂದು ಕಾಲಕ್ಕೆ ಪ್ರಚಾರದ ಬರಹಗಳಿಗೆಂದೇ ಬೇರೆ ವಿಭಾಗ ಇಟ್ಟಿತ್ತು, 2015ರಲ್ಲಿ ಅದನ್ನು ತೆಗೆದುಹಾಕಿತು. ಬರಿಯ ಪ್ರಚಾರವೇ ತುಂಬಿದ ಜಾಗಕ್ಕೆ ಹುಡುಕಿಕೊಂಡು ಹೋಗಿ ಓದುವವರು ಯಾರಿದ್ದಾರೆ?

ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ 2008ರಲ್ಲಿ ಆರಂಭಿಸಿದ ಸ್ಟ್ಯಾಕ್ ಓವರ್‌ಫ್ಲೋ ಸ್ವಪ್ರಚಾರವನ್ನು ನಿಷೇಧಿಸಿದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅದರ ಸಹಾಯ ಪುಟಗಳಲ್ಲಿ ಇರುವ ನಿಯಮ ಹೆಚ್ಚು ಸೂಕ್ಷ್ಮವಾದದ್ದು. ಕೇಳಿದ ಪ್ರಶ್ನೆಗೆ ಸಂಬಂಧಪಟ್ಟ ಒಳ್ಳೆಯ ಉತ್ತರ ಬರೆಯಿರಿ. ನಿಮ್ಮ ಉತ್ತರಗಳಲ್ಲಿ ಕೆಲವು ನಿಮ್ಮದೇ ಉತ್ಪನ್ನದ ಬಗ್ಗೆ ಇದ್ದರೆ ಅಡ್ಡಿಯಿಲ್ಲ, ಆದರೆ ಎಲ್ಲವೂ ಹಾಗಿರಬಾರದು. ಉತ್ಪನ್ನದೊಂದಿಗೆ ನಿಮಗಿರುವ ಸಂಬಂಧವನ್ನು ಆ ಉತ್ತರದಲ್ಲಿಯೇ ತಿಳಿಸಬೇಕು. ಕೊನೆಯ ಷರತ್ತು ಬಹಳ ಮುಖ್ಯವಾದದ್ದು. ಪ್ರೊಫೈಲಿನಲ್ಲಿ ಕಂಪನಿಯ ಹೆಸರು ಇದೆಯಲ್ಲ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಗೂಗಲ್ ಮೂಲಕ ನೇರವಾಗಿ ಉತ್ತರಕ್ಕೆ ಬಂದಿಳಿಯುವ ಓದುಗ ಬರೆದವನ ಪ್ರೊಫೈಲನ್ನು ತೆರೆಯುವುದೇ ಅಪರೂಪ.

ಈ ನಿಯಮ ಚೆನ್ನಾಗಿ ಪಾಲನೆಯಾದಾಗ ಹೇಗಿರುತ್ತದೆ ಎಂಬುದಕ್ಕೆ ಜಾನ್ ಸ್ಕೀಟ್ ಅವರ ಉತ್ತರಗಳನ್ನು ಓದಬೇಕು. ಈ ತಾಣದಲ್ಲಿ ಹತ್ತು ಲಕ್ಷ ರೆಪ್ಯುಟೇಶನ್ ಅಂಕಗಳನ್ನು, ಅಂದರೆ ಇತರ ಬಳಕೆದಾರರ ಮತಗಳಿಂದ ಸಿಗುವ ಅಂಕಗಳನ್ನು, ಮೊದಲು ಮುಟ್ಟಿದವರು ಅವರು, 2018ರಲ್ಲಿ. ಮೈಕ್ರೋಸಾಫ್ಟ್‌ನ ತಂತ್ರಾಂಶ ರಚನೆಯ ವೇದಿಕೆಯಾದ ಡಾಟ್‌ನೆಟ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ನಿರ್ವಹಿಸುವ ನೋಡಾ ಟೈಮ್ ಎಂಬ ಲೈಬ್ರರಿಯನ್ನೂ ಅವರು ರೂಪಿಸಿದ್ದಾರೆ. ದಿನಾಂಕದ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಉತ್ತರಿಸುವಾಗ ಹಲವು ಕಡೆ ಅವರು ಇರುವ ವ್ಯವಸ್ಥೆಯಲ್ಲೇ ಪರಿಹಾರ ತೋರಿಸುತ್ತಾರೆ, ಜೊತೆಗೆ ಇದು ನನ್ನದೇ ಯೋಜನೆ ಎಂದು ಹೇಳಿ ನೋಡಾ ಟೈಮ್ ಅನ್ನು ಸೂಚಿಸುತ್ತಾರೆ. ಓದಿದವನು ಆ ಲೈಬ್ರರಿಯನ್ನು ಬಳಸದೆಯೂ ತನ್ನ ಕೆಲಸ ಮುಗಿಸಿಕೊಳ್ಳಬಹುದು. ಸ್ವಂತ ಕೆಲಸದ ಪರಿಚಯ ಮಾಡಿಕೊಡಲು ಇದಕ್ಕಿಂತ ಗೌರವದ ದಾರಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸಭ್ಯತೆಯ ನಿಯಮಗಳನ್ನು ಬರೆದಿಡುವುದು ಎಲ್ಲ ಗುಂಪುಗಳಿಗೂ ಸಾಧ್ಯ. ಇಲ್ಲಿ ಮೆಚ್ಚಬೇಕಾದದ್ದು ಆ ನಿಯಮಗಳನ್ನು ಸೇವೆಯ ಯಂತ್ರಾಂಗದೊಳಕ್ಕೆ ಹೆಣೆದಿರುವ ರೀತಿ. ಉತ್ತರವೊಂದಕ್ಕೆ ಮೆಚ್ಚುಗೆಯ ಮತ ಬಿದ್ದರೆ ಬರೆದವನಿಗೆ 10 ಅಂಕ, ಪ್ರಶ್ನೆ ಕೇಳಿದವರು ಅದನ್ನೇ ಸರಿಯುತ್ತರವೆಂದು ಒಪ್ಪಿಕೊಂಡರೆ 15 ಅಂಕ. ಡೌನ್‌ವೋಟ್, ಅಂದರೆ ಮೆಚ್ಚದವರ ಮತ, ಬಿದ್ದರೆ ಬರೆದವನಿಗೆ 2 ಅಂಕ ನಷ್ಟ. ಉತ್ತರಕ್ಕೆ ಡೌನ್‌ವೋಟ್ ಹಾಕಿದವನಿಗೂ 1 ಅಂಕ ಹೋಗುತ್ತದೆ, ಆದ್ದರಿಂದ ಪ್ರತಿಸ್ಪರ್ಧಿಯ ಉತ್ತರಗಳನ್ನು ಸುಮ್ಮಸುಮ್ಮನೆ ಕೆಳಗೆ ತಳ್ಳುವುದು ಪುಕ್ಕಟೆಯ ಕೆಲಸವಲ್ಲ. ನಿಗದಿತ ಸಂಖ್ಯೆಯ ಮಂದಿ ಒಂದು ಬರಹವನ್ನು ಸ್ಪ್ಯಾಮ್ ಎಂದು ಫ್ಲಾಗ್ ಮಾಡಿದರೆ, ಅಂದರೆ ಗುರುತಿಸಿ ದೂರಿದರೆ, ಅದು ತಾನಾಗಿ ಅಳಿಸಿಹೋಗುತ್ತದೆ, ಬರೆದವನ 100 ಅಂಕಗಳೂ ಹೋಗುತ್ತವೆ. ತನಗೆ ತಾನೇ ಮತ ಹಾಕಿಕೊಳ್ಳಲು ಬರುವುದಿಲ್ಲ. ಒಂದೇ ಕಚೇರಿಯ ಗೆಳೆಯರು ಕೂಡಿಕೊಂಡು ಒಬ್ಬರ ಉತ್ತರಗಳಿಗೆ ಒಬ್ಬರು ಸಾಲುಸಾಲಾಗಿ ಮತ ಒತ್ತಿದರೆ ಅದನ್ನು ಗುರುತಿಸಿ ಹಿಂದಕ್ಕೆ ಪಡೆಯುವ ವ್ಯವಸ್ಥೆಯೂ ಇದೆ, ಅತಿಯಾದರೆ ಖಾತೆಯನ್ನೇ ಅಮಾನತು ಮಾಡುತ್ತಾರೆ. ಇದರ ಮೇಲೆ ಸ್ಮೋಕ್ ಡಿಟೆಕ್ಟರ್ ಎಂಬ, ಸ್ವಯಂಸೇವಕರೇ ಕಟ್ಟಿ ನಡೆಸುವ ತಂತ್ರಾಂಶವೊಂದು ಹೊಸ ಬರಹಗಳಲ್ಲಿ ಸ್ಪ್ಯಾಮಿನ ಲಕ್ಷಣಗಳನ್ನು ಹುಡುಕುತ್ತಿರುತ್ತದೆ.

ತನ್ನ ಪ್ರಶ್ನೆಯತ್ತ ಜನರ ಗಮನ ಸೆಳೆಯಬೇಕೆನ್ನುವವನಿಗೂ ಇಲ್ಲಿ ಮರ್ಯಾದೆಯ ಮಾರ್ಗವಿದೆ. ಗುಂಪಿನಲ್ಲಿ ಮತ್ತೆ ಮತ್ತೆ ‘ಯಾರಾದರೂ ನೋಡಿ’ ಎಂದು ಗೋಗರೆಯುವ ಬದಲು, ಎರಡು ದಿನ ಕಳೆದ ಮೇಲೆ ತಾನು ಗಳಿಸಿದ ಅಂಕಗಳಲ್ಲಿ 50ರಿಂದ 500ರವರೆಗೆ ಬೌಂಟಿ ಎಂದು, ಅಂದರೆ ಒಳ್ಳೆಯ ಉತ್ತರಕ್ಕೆ ಬಹುಮಾನವೆಂದು, ಪಣಕ್ಕಿಡಬಹುದು. ಹಾಗೆಯೇ ತಾನು ಕಂಡುಕೊಂಡ ಪರಿಹಾರವನ್ನು ಹಂಚಿಕೊಳ್ಳಬೇಕೆನ್ನುವವನು ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಬರೆದು ಒಟ್ಟಿಗೆ ಪ್ರಕಟಿಸಬಹುದು. ಇದಕ್ಕೆ ಪ್ರೋತ್ಸಾಹವೇ ಇದೆ. ಆದರೆ ತನ್ನ ಉತ್ತರವನ್ನು ತಾನೇ ಸರಿಯೆಂದು ಒಪ್ಪಿಕೊಂಡರೆ ಆ 15 ಅಂಕ ಸಿಗುವುದಿಲ್ಲ. ಜ್ಞಾನವನ್ನು ಮುಂದಿಡಲು ಅವಕಾಶ, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಇಲ್ಲ ಎಂಬ ಈ ವ್ಯತ್ಯಾಸವನ್ನು ಇಷ್ಟು ಸಣ್ಣ ಸಂಗತಿಯಲ್ಲೂ ಯೋಚಿಸಿ ಇಟ್ಟಿರುವುದು ನನಗೆ ಬಹಳ ಹಿಡಿಸಿದೆ.

‘ಯಾವ ಲೈಬ್ರರಿ ಒಳ್ಳೆಯದು?’ ಎಂಬ ಬಗೆಯ ಪ್ರಶ್ನೆಗಳನ್ನು ಇಲ್ಲಿ ಬಹುಕಾಲ ಮುಚ್ಚಿಬಿಡುತ್ತಿದ್ದರು. ಹೊಸಬರಿಗೆ ಇದು ಅನ್ಯಾಯವೆನಿಸುತ್ತಿತ್ತು, ಏಕೆಂದರೆ ಕೆಲಸದಲ್ಲಿ ದಿನವೂ ಏಳುವ ಪ್ರಶ್ನೆ ಅದು. ಆದರೆ ಅಂಥ ಪ್ರಶ್ನೆ ತೆರೆದೇ ಇದ್ದರೆ ಒಬ್ಬೊಬ್ಬರೂ ತಮ್ಮ ತಮ್ಮ ಸರಕನ್ನು ತಂದು ಅದರಡಿ ಸುರಿಯುತ್ತಾರೆ, ವರ್ಷ ಕಳೆಯುವಷ್ಟರಲ್ಲಿ ಅರ್ಧ ಸಲಹೆಗಳು ಹಳತಾಗಿರುತ್ತವೆ. ಬರಿಯ ಲಿಂಕನ್ನು ಅಂಟಿಸಿದ ಉತ್ತರಗಳನ್ನು ಅಳಿಸುವುದರ ಹಿಂದೆಯೂ ಇದೇ ತರ್ಕವಿದೆ. ಲಿಂಕ್ ಕೊಡಿ, ಆದರೆ ಅಲ್ಲಿರುವ ಸಾರಾಂಶವನ್ನು ಇಲ್ಲಿಯೇ ಬರೆಯಿರಿ ಎನ್ನುತ್ತಾರೆ, ಮತ್ತು ಅದು ನ್ಯಾಯವಾದ ಬೇಡಿಕೆ.

ನಮ್ಮವರಿಗೆ ಹೆಚ್ಚು ಇರುಸುಮುರುಸು ತರುವ ನಿಯಮ ಇನ್ನೊಂದಿದೆ. ಮಾನ್ಯರೇ ಎಂದು ಆರಂಭಿಸಿ, ಮುಂಗಡವಾಗಿ ಧನ್ಯವಾದ ಸಲ್ಲಿಸಿ, ಕೊನೆಗೆ ಹೆಸರು, ಹುದ್ದೆ, ಊರು ಬರೆದು ಮುಗಿಸುವುದನ್ನು ಶಾಲೆಯ ಪತ್ರಲೇಖನದಿಂದಲೇ ಕಲಿತ ನಮಗೆ, ಆ ಸಾಲುಗಳನ್ನೆಲ್ಲ ಬೇರೊಬ್ಬರು ಬಂದು ತೆಗೆದುಹಾಕಿದಾಗ ಒರಟುತನವೇ ಕಾಣುತ್ತದೆ. ಕಾರಣ ತಿಳಿದರೆ ಮನಸ್ಸು ಒಪ್ಪುತ್ತದೆ. ಇಲ್ಲಿನ ಬರಹ ಒಬ್ಬರಿಗೆ ಬರೆದ ಪತ್ರವಲ್ಲ, ಮುಂದೆ ಅದೇ ತೊಂದರೆಯೊಂದಿಗೆ ಬರುವ ಸಾವಿರಾರು ಜನರಿಗೆ ಇಟ್ಟ ದಾಖಲೆ. ಹೆಸರು ಮತ್ತು ಅಂಕಗಳು ಪ್ರತಿ ಬರಹದ ಕೆಳಗೂ ತಾವಾಗಿ ಕಾಣುತ್ತವೆ, ಹಾಗಾಗಿ ಸಹಿಯಡಿ ಕಂಪನಿಯ ಘೋಷವಾಕ್ಯ ಸೇರಿಸಲು ಎಡೆಯಿಲ್ಲ. ತೆಗೆದವರು ಏಕೆ ತೆಗೆದೆವೆಂದು ಒಂದು ಸಾಲು ಸೌಜನ್ಯದಿಂದ ಹೇಳಿದರೆ ಮಾತ್ರ ಹೊಸಬರು ಉಳಿಯುತ್ತಾರೆ. ತಾನು ಹೊಸಬರಿಗೆ ಆಪ್ತವಾಗಿಲ್ಲವೆಂದು 2018ರಲ್ಲಿ ಆ ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿತು, ಅದೇ ವರ್ಷ ಹೊಸ ನಡವಳಿಕೆಯ ಸಂಹಿತೆಯನ್ನೂ ತಂದಿತು. ಆದರೂ ನಿಯಮ ಮೀರಿದವನನ್ನು ತಿದ್ದುವುದಕ್ಕೂ ಗದರುವುದಕ್ಕೂ ನಡುವಿನ ಗೆರೆ ಇಲ್ಲಿ ಇನ್ನೂ ಹಲವು ಸಲ ಅಳಿಸಿಹೋಗುತ್ತದೆ. ಒಳ್ಳೆಯ ಉದ್ದೇಶದಿಂದ ತನ್ನ ಉಚಿತ ಟೂಲನ್ನು ಹಂಚಿಕೊಳ್ಳಬಂದ ವಿದ್ಯಾರ್ಥಿಗೂ, ಔಷಧ ಮಾರಲು ಬಂದ ಸ್ಪ್ಯಾಮ್ ಖಾತೆಗೂ ಒಂದೇ ಫ್ಲಾಗ್, ಒಂದೇ 100 ಅಂಕಗಳ ಏಟು ಬೀಳುವ ಸಾಧ್ಯತೆ ಇರುವುದು ಈ ಸೇವೆಯ ನಿಜವಾದ ಕೊರತೆ. ಪೋರ್ಚುಗೀಸ್, ರಷ್ಯನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಈ ತಾಣದ ಪ್ರತ್ಯೇಕ ಆವೃತ್ತಿಗಳಿವೆ. ಕನ್ನಡದ ಹುಡುಗನೋ ಹುಡುಗಿಯೋ ಈ ಸೂಕ್ಷ್ಮಗಳನ್ನೆಲ್ಲ ಇಂಗ್ಲಿಷಿನಲ್ಲಿಯೇ ಕಲಿಯಬೇಕು, ತಪ್ಪಿದರೆ ಇಂಗ್ಲಿಷಿನಲ್ಲಿಯೇ ಸಮರ್ಥಿಸಿಕೊಳ್ಳಬೇಕು.

ಇನ್ನೊಂದು ಆಕ್ಷೇಪ ನನಗಿದೆ. ಚರ್ಚೆಯೊಳಗೆ ಸ್ವಪ್ರಚಾರವನ್ನು ಬಿಗಿಹಿಡಿಯುವ ಜಾಗ, ಸದಸ್ಯರು ತಮ್ಮನ್ನು ತಾವು ತೋರಿಸಿಕೊಳ್ಳಲು ಬೇರೊಂದು ಸರಿಯಾದ ತಾಣವನ್ನು ಒದಗಿಸಬೇಕು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಅದು ಇತ್ತು: ಉದ್ಯೋಗ ವಿಭಾಗ ಮತ್ತು ಡೆವಲಪರ್ ಸ್ಟೋರಿ ಎಂಬ ವೃತ್ತಿ ಪರಿಚಯದ ಪುಟ. ಪ್ರೊಸಸ್ ಕಂಪನಿ 2021ರಲ್ಲಿ 180 ಕೋಟಿ ಡಾಲರ್ ಕೊಟ್ಟು ಈ ಸೇವೆಯನ್ನು ಕೊಂಡ ನಂತರ, 2022ರಲ್ಲಿ ಇವೆರಡೂ ನಿಂತುಹೋದವು. ಆಗ ಉಳಿದದ್ದು ಪ್ರೊಫೈಲ್ ಪುಟವೊಂದೇ. ಉತ್ತರಗಳ ಮೂಲಕ ಹೆಸರು ಗಳಿಸಿದ ಇಂಜಿನಿಯರ್ ಆ ಹೆಸರನ್ನು ಉದ್ಯೋಗಕ್ಕೆ ಜೋಡಿಸಿಕೊಳ್ಳಲು ಮತ್ತೆ ಲಿಂಕ್ಡ್‌ಇನ್‌ಗೇ ಹೋಗಬೇಕಾಯಿತು.

ಚಾಟ್‌ಜಿಪಿಟಿ ಬಂದ ಮೇಲೆ ಪ್ರಶ್ನೆಗಳ ಹರಿವು ಬಹಳ ಇಳಿದಿದೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಉತ್ತರಗಳನ್ನು 2022ರ ಡಿಸೆಂಬರಿನಲ್ಲಿಯೇ ಇಲ್ಲಿ ನಿಷೇಧಿಸಲಾಯಿತು. ಆ ನಿಷೇಧದ ಜಾರಿಯ ಕುರಿತ ಭಿನ್ನಾಭಿಪ್ರಾಯದಿಂದಲೇ 2023ರ ಜೂನ್‌ನಲ್ಲಿ ತಾಣದ ಮೇಲ್ವಿಚಾರಣೆ ನೋಡಿಕೊಳ್ಳುವ ಸ್ವಯಂಸೇವಕ ಮಾಡರೇಟರ್‌ಗಳು ಮುಷ್ಕರ ಹೂಡಿದ್ದರು. ಪ್ರಚಾರದ ಪಠ್ಯವನ್ನು ನಯವಾದ ಉತ್ತರದಂತೆ ಕ್ಷಣದಲ್ಲಿ ಹೊಸೆಯಬಹುದಾದ ಈ ಕಾಲದಲ್ಲಿ, ‘ಇದನ್ನು ಮಾಡಿದವನು ನಾನೇ’ ಎಂದು ಉತ್ತರದೊಳಗೆ ಹೇಳಬೇಕೆಂಬ ಆ ಹಳೆಯ ನಿಯಮದ ಬೆಲೆ ಹೆಚ್ಚಿದೆ.

ಹಾಗಿರುವಾಗ ಅದನ್ನು ಪ್ರತಿಯೊಬ್ಬರ ನೆನಪಿಗೆ ಬಿಡುವುದು ಸಾಲದು. 2021ರಲ್ಲಿ ಬಂದ ಕಲೆಕ್ಟಿವ್ಸ್ ಎಂಬ, ಕಂಪನಿ ಅಥವಾ ತಂತ್ರಜ್ಞಾನವೊಂದರ ಸುತ್ತ ಕಟ್ಟಿದ ಗುಂಪುಗಳ ವ್ಯವಸ್ಥೆಯಲ್ಲಿ ಆಯಾ ಕಂಪನಿಯ ನೌಕರರಿಗೆ ಹೆಸರಿನ ಪಕ್ಕದಲ್ಲಿ ಗುರುತು ಕೊಡುವ ಏರ್ಪಾಡು ಮಾಡಲಾಯಿತು. ಬಿಡಿ ಡೆವಲಪರ್‌ಗೆ ಆ ಸೌಲಭ್ಯ ಸಿಗಲಿಲ್ಲ. ಉತ್ತರ ಬರೆಯುವ ಪೆಟ್ಟಿಗೆಯ ಕೆಳಗೆ ‘ಈ ಉತ್ತರದಲ್ಲಿ ಹೇಳಿರುವ ಉತ್ಪನ್ನದೊಂದಿಗೆ ನನಗೆ ಸಂಬಂಧವಿದೆ’ ಎಂಬ ಒಂದು ಆಯ್ಕೆಯನ್ನು ಇಟ್ಟು, ಅದನ್ನು ಒತ್ತಿದವರ ಉತ್ತರದ ಮೇಲೆ ಎಲ್ಲರಿಗೂ ಕಾಣುವಂತೆ ಗುರುತು ಹಾಕಿದರೆ, ತನ್ನ ಮೊದಲ ಲೈಬ್ರರಿಯನ್ನು ಹೊತ್ತು ಬರುವ ವಿದ್ಯಾರ್ಥಿಗೆ ನಿಯಮ ಯಾವುದೆಂದು ಬರೆಯುವ ಹೊತ್ತಿನಲ್ಲಿಯೇ ತಿಳಿಯುತ್ತದೆ, ಫ್ಲಾಗ್ ಬಿದ್ದ ಮೇಲಲ್ಲ.