ಮನೆಯ ಓವರ್‌ಲಾಕ್ ಯಂತ್ರ: ಕೆಳಗಿನ ಲೂಪರ್‌ಗಾಗಿ ಒಂದು ನಕ್ಷತ್ರ ಕಡಿತ

ಬಟ್ಟೆಯ ಅಂಚನ್ನು ಕತ್ತರಿಸುತ್ತಲೇ ದಾರ ಸುತ್ತಿ ಹೊಲಿಯುವ ನಾಲ್ಕು ದಾರದ ಈ ಯಂತ್ರದಲ್ಲಿ ನಾನು ದುಡ್ಡು ಕೊಟ್ಟದ್ದು ಒಂದೇ ಒಂದು ಗುಂಡಿಗೆ ಎಂದರೂ ತಪ್ಪಿಲ್ಲ: ಡಿಫರೆನ್ಷಿಯಲ್ ಫೀಡ್. ಉಳಿದದ್ದೆಲ್ಲ ಡಬ್ಬಿಯ ಮೇಲೆಯೇ ಅಚ್ಚಾಗಿದೆ, ಓದಿಕೊಳ್ಳಿ. ಯಂತ್ರದ ಪಾದದ ಅಡಿಯಲ್ಲಿ ಬಟ್ಟೆ ದೂಡುವ ಹಲ್ಲುಗಳು ಎರಡು ಜೊತೆ. ಗುಂಡಿಯನ್ನು 1.5ಕ್ಕೆ ತಿರುಗಿಸಿದರೆ ಮುಂದಿನ ಹಲ್ಲುಗಳು ಹೆಚ್ಚು ಬಟ್ಟೆ ತಳ್ಳುತ್ತವೆ, ಹಿಂದಿನವು ಅಷ್ಟು ಎಳೆಯುವುದಿಲ್ಲ. ಹೀಗಾಗಿ ಲೈಕ್ರಾ, ಹೊಸಿಯರಿ ಬಟ್ಟೆಗಳ ಅಂಚು ಕರಿದ ಹಪ್ಪಳದಂತೆ ಅಲೆಅಲೆಯಾಗಿ ಏಳುವುದಿಲ್ಲ. ಅಲೆಯೇ ಬೇಕೆಂದರೆ 0.7ಕ್ಕೆ ಇಳಿಸಿ, ಬಟ್ಟೆಯನ್ನು ತುಸು ಎಳೆದು ಹಿಡಿದರೆ ಸಾಕು. ಮಗಳ ಫ್ರಾಕಿಗೆ ಪುಕ್ಕಟೆ ಫ್ರಿಲ್.

ಹಳೆಯ ಯಂತ್ರದಲ್ಲಿ ನೇರ ಹೊಲಿಗೆ ಹಾಕಿದ ಲೆಗ್ಗಿಂಗ್ಸ್ ಅವಳು ಚಕ್ಕಳಮಕ್ಕಳ ಹಾಕಿ ಕುಳಿತ ಕೂಡಲೇ ಬಿಟ್ಟುಕೊಳ್ಳುತ್ತಿತ್ತು. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಓವರ್‌ಲಾಕಿನಲ್ಲಿ ದಾರ ಕುಣಿಕೆಗಳಾಗಿ ಕೂರುವುದರಿಂದ ಎಳೆದಾಗ ಅವು ಜಾಗ ಬಿಟ್ಟುಕೊಡುತ್ತವೆ. ಧಾರವಾಡದಿಂದ ಬಂದಿದ್ದ ಅಮ್ಮ ಆ ಹೊಲಿಗೆಯನ್ನು ಎರಡೂ ಕೈಯಿಂದ ಜಗ್ಗಿ ನೋಡಿ, ತನಗೂ ಎರಡು ನೈಟಿ ಆಗಲಿ ಎಂದರು.

ಡೊಂಬಿವಲಿಯಿಂದ ಲೋಕಲ್ ಹಿಡಿದು ಮುಂಬೈಯ ಮಂಗಳದಾಸ್ ಬಟ್ಟೆ ಮಾರುಕಟ್ಟೆಗೆ ಹೋಗುವುದು ನನಗೆ ಹಬ್ಬ. ಬಟ್ಟೆಯನ್ನು ನಾಲ್ಕು ಇಂಚು ಹಿಡಿದು ಆರು ಇಂಚಿಗೆ ಎಳೆದು ಬಿಡುತ್ತೇನೆ. ಮರಳಿ ನಾಲ್ಕಕ್ಕೆ ಬಾರದ್ದನ್ನು ಎಷ್ಟೇ ಅಗ್ಗವಾದರೂ ಮುಟ್ಟುವುದಿಲ್ಲ. ಮನೆಗೆ ತಂದ ಮೇಲೆ ಮೊದಲು ಒಗೆತ, ಆಮೇಲೆ ಕತ್ತರಿ. ಗುಂಡುಪಿನ್ನಿನ ಬದಲು ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನೇ ಹಾಕುತ್ತೇನೆ, ಏಕೆಂದರೆ ಪಿನ್ನು ಅಡ್ಡ ಸಿಕ್ಕರೆ ಯಂತ್ರದ ಕತ್ತಿ ಹಾಳು. ಸೂಜಿ 75ರ ಅಳತೆಯ ಬಾಲ್‌ಪಾಯಿಂಟ್. ಅದರ ಮೊಂಡು ತುದಿ ಎಳೆಗಳನ್ನು ಕಡಿಯದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ.

ಇನ್ನು ಕೆಳಗಿನ ಲೂಪರ್. ದಾರವನ್ನು ಕುಣಿಕೆಯಾಗಿ ಹೆಣೆಯುವ ತೋಳಿಗೆ ಲೂಪರ್ ಎನ್ನುತ್ತಾರೆ, ಮೇಲೊಂದು ಕೆಳಗೊಂದು ಇರುತ್ತದೆ. ಇದನ್ನು ರೂಪಿಸಿದವರು ತಾವೇ ಒಮ್ಮೆಯಾದರೂ ದಾರ ಪೋಣಿಸಿದ್ದಾರೆಯೇ ಎಂಬುದು ನನ್ನ ಅನುಮಾನ. ದಾರ ಎಡಕ್ಕೆ ಹೋಗಿ, ಕೊಕ್ಕೆಯೊಂದರ ಹಿಂದೆ ನುಸುಳಿ, ಬೆರಳು ಹೋಗದ ಸಂದಿಯಲ್ಲಿ ಮೇಲೇಳಬೇಕು. ಕೈಯಲ್ಲಿ ಚಿಮುಟ, ಬಾಯಲ್ಲಿ ಮೊಬೈಲಿನ ಟಾರ್ಚ್. ಮೊದಲು ಮೇಲಿನ ಲೂಪರ್, ಆಮೇಲೆ ಕೆಳಗಿನದು, ಕೊನೆಗೆ ಸೂಜಿಗಳು. ಈ ಕ್ರಮ ತಪ್ಪಿದರೆ ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ದಾರ ಪಟ್ಟೆಂದು ತುಂಡಾಗುತ್ತದೆ. ಡೆಮೊಗೆ ಬಂದ ಅಂಗಡಿಯ ಹುಡುಗ ಯಂತ್ರಕ್ಕೆ ದಾರ ಪೋಣಿಸಿಕೊಂಡೇ ಬಂದಿದ್ದ, ಸರ್ರನೆ ಹೊಲಿದು ತೋರಿಸಿ ಚಹಾ ಕುಡಿದು ಹೊರಟ. ಬಲ್ಲವನು!

ಈಗ ಆ ಸಿಟ್ಟು ಇಳಿದಿದೆ, ಏಕೆಂದರೆ ಲೂಪರ್‌ಗಳಿಗೆ ನಾನು ದಾರ ಪೋಣಿಸುವುದನ್ನೇ ಬಿಟ್ಟಿದ್ದೇನೆ. ಹಳೆಯ ದಾರವನ್ನು ಉಂಡೆಯ ಬಳಿ ಕತ್ತರಿಸಿ, ಹೊಸದನ್ನು ಗಂಟು ಹಾಕಿ, ದಾರದ ಬಿಗಿ, ಅಂದರೆ ಟೆನ್ಷನ್, ಸೊನ್ನೆಗೆ ಇಳಿಸಿ ಮೆಲ್ಲಗೆ ಎಳೆಯುತ್ತೇನೆ. ಗಂಟು ಆ ಸಂದಿಗಳನ್ನೆಲ್ಲ ತಾನೇ ದಾಟಿ ಬರುತ್ತದೆ. ಸೂಜಿಯ ಕಣ್ಣಿನ ಹತ್ತಿರ ಮಾತ್ರ ಗಂಟು ಕತ್ತರಿಸಿ ಕೈಯಿಂದ ಪೋಣಿಸಬೇಕು. ಲೂಪರ್‌ಗಳು ದಾರವನ್ನು ಬಕಾಸುರನಂತೆ ನುಂಗುವುದರಿಂದ ನನ್ನಲ್ಲಿರುವುದು ಬಿಳಿ, ಕಪ್ಪು, ಬೂದು ಮೂರೇ ಬಣ್ಣ. ಬೂದು ಬಣ್ಣ ಎಲ್ಲದಕ್ಕೂ ಹೊಂದುತ್ತದೆ. ಒಳಗಿನ ಹೊಲಿಗೆಯನ್ನು ಯಾರು ನೋಡುತ್ತಾರೆ?

ಕೊಳ್ಳುವ ಮೊದಲು ಇನ್ನೊಂದು ವಿಷಯ ತಿಳಿದಿರಲಿ. ಅಂಗಡಿಯ ಟೀ ಶರ್ಟಿನ ಕೆಳ ಅಂಚಿನಲ್ಲಿ ಕಾಣುವ ಜೋಡಿ ಗೆರೆಯನ್ನು ಇದು ಹಾಕುವುದಿಲ್ಲ, ಅದಕ್ಕೆ ಕವರ್‌ಸ್ಟಿಚ್ ಯಂತ್ರವೇ ಬೇಕು. ಅದರ ಬೆಲೆ ಕೇಳಿ ನಾನು ಹಳೆಯ ಯಂತ್ರಕ್ಕೆ ಅವಳಿ ಸೂಜಿ ಸಿಕ್ಕಿಸಿಕೊಂಡೆ. ಮೇಲೆ ಎರಡು ಗೆರೆ, ಕೆಳಗೆ ಬಾಬಿನ್ ದಾರದ ಅಂಕುಡೊಂಕು. ಮಗಳ ಟೀ ಶರ್ಟಿಗೆ ಅಷ್ಟು ಹಿಗ್ಗಿದರೆ ಸಾಕು. ಬರೀ ಚೂಡಿದಾರದ ಅಂಚು ಕಟ್ಟುವವರಿಗೆ ದರ್ಜಿಗಳ ಮೂರು ದಾರದ ಇಂಟರ್‌ಲಾಕ್ ಅಗ್ಗವಾಗಿ ಸಿಗುತ್ತದೆ, ಇಷ್ಟು ಹಣ ಸುರಿಯಬೇಡಿ.